ಜಿಪ್ ಯಾವ ಕಡೆ?

ಕತ್ತಿವರಸೆ ಮೇಷ್ಟ್ರಿಗೆ ಯಾರ ಏಟೂ ಸುಲಭಕ್ಕೆ ತಾಗುತ್ತಿರಲಿಲ್ಲ. ಯಾರ ಪ್ರಶ್ನೆಯೂ ಅಷ್ಟೆ. ಎದೆಗೆ ಬಂದ ಮೊನೆಯನ್ನು ಮಣಿಕಟ್ಟು ತುಸು ತಿರುಗಿಸಿ ಪಕ್ಕಕ್ಕೆ ಸರಿಸುವುದು ಅವರ ವಿದ್ಯೆ. "ತಾರಸಿ ಸೋರ್ತಿದೆ, ರಿಪೇರಿ ಯಾವಾಗ?" ಎಂದು ಹೆಂಡತಿ ಕೇಳಿದರೆ, "ಈ ಸಲ ಮೋಡಾನೇ ಬೇರೆ ಥರ" ಎನ್ನುವುದೂ ಅದೇ ವಿದ್ಯೆ. ಶಿಷ್ಯರು ಬೆನ್ನ ಹಿಂದೆ ಅವರನ್ನು ಜಾರುಬಂಡೆ ಎನ್ನುತ್ತಿದ್ದರು.

ತರಗತಿಯಲ್ಲಿ ಮಾತ್ರ ಅವರದೊಂದು ಕಟ್ಟುನಿಟ್ಟು: ಏಟು ತಿಂದವರು ತಾವೇ ಕೈಯೆತ್ತಿ "ತಾಗಿತು" ಅನ್ನಬೇಕು. ಇದರ ಬಗ್ಗೆ ಗಂಟಲು ಗದ್ಗದವಾಗುವಂತೆ ಭಾಷಣ ಮಾಡುತ್ತಿದ್ದರು. ಮನೆಗೆ ಹೊರಡುವಾಗ ಆ ನಿಯಮವನ್ನು ಕತ್ತಿಯ ಜೊತೆ ಅಲ್ಲೇ ಗೂಟಕ್ಕೆ ತೂಗುಹಾಕುತ್ತಿದ್ದರು.

ಆ ವಾರ ಮನೆಯಲ್ಲಿ ಒಂದೇ ಪ್ರಶ್ನೆ. ಪಂದ್ಯಕ್ಕೆ ಹುಡುಗ ಹುಡುಗಿಯರು ಕೂಡಿದ ನಾಲ್ವರ ತಂಡ. ಮೂವರು ಯಾರೆಂದು ತಿಳಿದಿತ್ತು. ನಾಲ್ಕನೆಯ ಜಾಗ ತನ್ನದೆಂದು ಮಗಳು ನಂಬಿದ್ದಳು. ಎಡಗೈ ಹುಡುಗಿ; ತರಗತಿಯಲ್ಲಿ ಅವಳನ್ನು ಸೋಲಿಸಿದವರಿಲ್ಲ. ಮುಂದಿನ ವರ್ಷ ವಯಸ್ಸು ಮೀರುತ್ತದೆ. ಆದರೆ ಕತ್ತಿವರಸೆ ಸಂಘದ ಅಧ್ಯಕ್ಷರಿಗೊಬ್ಬ ಬಲಗೈ ಸೋದರಳಿಯನಿದ್ದ.

"ಅಪ್ಪಾ, ತಂಡದಲ್ಲಿ ನಾನಿದೀನೋ ಇಲ್ವೋ?"

"ಮೊಣಕಾಲು ಇನ್ನೂ ಬಗ್ಗಬೇಕು ಕಣಮ್ಮಾ."

"ನಾನು ಕೇಳಿದ್ದು ಅದಲ್ಲ."

"ಸರಿ, ಹಾಲು ಕುಡಿದ್ಯಾ?"

ಹೆಂಡತಿ ಹೊಲಿಗೆಯವಳು, ತಂಡದ ಜಾಕೆಟ್ಟುಗಳೂ ಅವಳ ಕೈಯವೇ. ಕತ್ತಿ ಮುಟ್ಟಿದವಳಲ್ಲ. ಆದರೆ ಇಂಥ ಗಂಡನ ಜೊತೆ ಬಾಳಿ, ಒಂದು ಕಡೆ ಏಟು ತೋರಿಸಿ ಇನ್ನೊಂದು ಕಡೆ ಹಾಕುವುದನ್ನು ಕಲಿತಿದ್ದಳು. ಯಂತ್ರದಿಂದ ತಲೆಯೆತ್ತದೆ ಕೇಳಿದಳು:

"ರೀ, ಅವಳಿಗೊಂದು ಮಾತು ಹೇಳಬಾರ್ದಾ?"

"ಎಲ್ಲಕ್ಕೂ ಕಾಲ ಬರ್ಬೇಕು."

"ಹೋಗ್ಲಿ ಬಿಡಿ, ನನಗ್ಯಾಕೆ. ನಾಲ್ಕನೇ ಜಾಕೆಟ್ಟಿಗೆ ಜಿಪ್ ಯಾವ ಕಡೆ?"

ಗಂಡಾಂತರ ಕಳೆಯಿತೆಂದು ಮೇಷ್ಟ್ರು ಹಾಯಾಗಿ ಉಸಿರುಬಿಟ್ಟರು. "ಎಡಗಡೆ."

ಯಂತ್ರ ನಿಂತಿತು. ಎದುರಾಳಿಯ ಮೊನೆ ಸಂದಿಗೆ ಸಿಕ್ಕಬಾರದೆಂದು ಜಿಪ್ಪನ್ನು ಕತ್ತಿ ಹಿಡಿಯದ ಕೈಯ ಕಡೆ ಇಡುತ್ತಾರೆ. ಬಲಗೈಯವರಿಗೆ ಎಡಗಡೆ, ಎಡಗೈಯವರಿಗೆ ಬಲಗಡೆ. ಆ ಮನೆಯ ಬೆಕ್ಕಿಗೂ ಗೊತ್ತಿದ್ದ ಸಂಗತಿ.

"ಕೈ ಎತ್ತಪ್ಪಾ," ಎಂದಳು ಮಗಳು.

ಕೈ ಏಳಲಿಲ್ಲ. "ಹಾಗಲ್ಲಮ್ಮಾ, ಜಿಪ್ ವಿಷಯ ಏನಂದ್ರೆ..."

"ಅವನು ನನಗಿಂತ ಚೆನ್ನಾಗಿ ಆಡ್ತಾನಾ?"

ಮೇಷ್ಟ್ರು ಕುರ್ಚಿ ಹಿಂದಕ್ಕೆ ಸರಿಸಿದರು. ಹಿಂದೆ ಗೋಡೆ.

"ನಾನು ಬಲಗಡೆಗೇ ಹಾಕ್ತೀನಿ," ಎಂದಳು ಹೆಂಡತಿ. "ಬಟ್ಟೆ ಇದೊಂದು ಜಾಕೆಟ್ಟಿಗಷ್ಟೇ ಇದೆ. ಅಧ್ಯಕ್ಷರಿಗೆ ನೀವೇ ಹೇಳ್ಕೊಳ್ಳಿ."

ಮೇಷ್ಟ್ರು ಬೇಡ ಎನ್ನಲಿಲ್ಲ, ಆಗಲಿ ಎನ್ನಲೂ ಇಲ್ಲ.

ಪಂದ್ಯದ ಹಿಂದಿನ ಸಂಜೆ ಅಧ್ಯಕ್ಷರು ಸೋದರಳಿಯನನ್ನು ತರಗತಿಗೆ ಕರೆತಂದರು. ಜಾಕೆಟ್ ಬಲಗಡೆ ಬಾಯಿ ತೆರೆದಿತ್ತು.

"ಏನ್ರೀ ಮೇಷ್ಟ್ರೇ, ಇದನ್ನ ಹಾಕ್ಕೊಂಡು ನಮ್ಮ ಹುಡುಗ ಏಟು ತಿನ್ಬೇಕಾ?"

ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳೇ ಮೇಲು ಎಂಬ ಮಾತು ಮೇಷ್ಟ್ರ ಗಂಟಲವರೆಗೆ ಬಂತು. ಅದನ್ನೂ ಅವರು ಪಕ್ಕಕ್ಕೆ ಸರಿಸಿದರು.

"ಈ ಕಾಲದಲ್ಲಿ ಹೊಲಿಗೆಯವರನ್ನ ನಂಬೋ ಹಾಗಿಲ್ಲ ಸ್ವಾಮಿ."

ಬೈಯಲು ಹೊಲಿಗೆಯವಳು ಅಲ್ಲಿರಲಿಲ್ಲ. ಬೆಳಗಾದರೆ ಪಂದ್ಯ, ಬೇರೆ ಜಾಕೆಟ್ ಇಲ್ಲ; ಅಧ್ಯಕ್ಷರು ಗೊಣಗಿಕೊಂಡು, ಸೋದರಳಿಯನನ್ನು ಎಳೆದುಕೊಂಡು ನಡೆದರು. ಮಗಳು ಜಾಕೆಟ್ ತೊಟ್ಟು ಜಿಪ್ ಎಳೆದಳು. ಅಳತೆ ಒಂದಿಷ್ಟೂ ತಪ್ಪಿರಲಿಲ್ಲ.

"ಹಾಗಾದ್ರೆ ನಾಳೆ ನಾನು ಬರ್ಲಾ ಅಪ್ಪಾ?"

"ಬೆಳಿಗ್ಗೆ ಬೇಗ ಏಳು. ಬಸ್ಸು ಯಾರಿಗೂ ಕಾಯಲ್ಲ."

ಹೂಂ ಎಂಬ ಒಂದಕ್ಷರ ಆಗಲೂ ಅವರ ಬಾಯಿಂದ ಬರಲಿಲ್ಲ.