ಫರ್ಸಿ ಗಣಿಯ ವಿಲಾಯತಿ ಬದಾಮಿ

ಶಹಾಬಾದಿನಲ್ಲಿ ಬಿಸಿಲಿಗೆ ಕೂತು ನೆಲಹಾಸಿನ ಫರ್ಸಿ ಕಲ್ಲು ಕೆತ್ತುವವರಿಗೆ ನೆರಳಾಗಲೆಂದು ನಿತ್ಯಹಸಿರಿನ ಓಕ್ ಸಸಿ ಒಯ್ದಿದ್ದೆ. ಬರೀ ನೆರಳಿನ ಗಿಡಕ್ಕೆ ಯಾರು ನೀರು ಹಾಕುತ್ತಾರೆ? ಅದಕ್ಕೇ ‘ಇದು ವಿಲಾಯತಿ ಬದಾಮಿ’ ಎಂದು ಎಲ್ಲರಿಗೂ ಬೊಗಳೆ ಬಿಟ್ಟೆ.

ಮೊಳ ಅಗೆಯುವಷ್ಟರಲ್ಲಿ ಬಂಡೆ. ಗಣಿಯ ಹಿರಿಯ ಮಹಬೂಬ್ ಚಾಚಾ ಹಾರೆ ಹಿಡಿದು ಗುಂಡಿಗಿಳಿದರು.

“ಬಿಡ್ರಿ ಚಾಚಾ, ಬ್ಯಾರೆ ಕಡೆ ಹಚ್ಚೋಣು.”

“ಬ್ಯಾರೆ ಕಡೆನೂ ಕಲ್ಲೇ ಅದ. ನೀವು ಸುಮ್ಮ ಕುಂದ್ರಿ.”

ಮಧ್ಯಾಹ್ನದವರೆಗೆ ಏಳು ಪದರು ಫರ್ಸಿ ಎಬ್ಬಿಸಿದರು. ನಾನು ಈ ಕಥೆ ಹೇಳಿದಾಗಲೆಲ್ಲ ಒಂದು ಪದರು ಹೆಚ್ಚಾಗುತ್ತದೆ, ಇರಲಿ. ಗುಂಡಿಗೆ ಕರಿಮಣ್ಣು ತುಂಬಿ ಸಸಿ ಹಚ್ಚಿದೆವು.

ಕೆಲವು ವರ್ಷ ಬಿಟ್ಟು ಮೊನ್ನೆ ಹೋದರೆ ಗಿಡ ನನ್ನ ಹೆಗಲೆತ್ತರ! ಗುಂಡಿಯ ಫರ್ಸಿಯಿಂದಲೇ ಸುತ್ತ ಕಟ್ಟೆ ಕಟ್ಟಿದ್ದರು. ತಪ್ಪೊಪ್ಪಿಕೊಳ್ಳೋಣವೆಂದು ಬಾಯಿ ತೆರೆದೆ.

“ಚಾಚಾ, ಆ ಬದಾಮಿ...”

“ನಮ್ಮ ಮಸೀದಿ ಮುಂದ ಬದಾಮಿ ಗಿಡ ಅದರಿ. ಅದರ ಎಲಿ ನಾ ನೋಡಿಲ್ಲೇನು?”

“ಮತ್ತ ಯಾಕ ಸುಮ್ಮನಿದ್ರಿ?”

“ನೆಳ್ಳು ಬೇಕಿತ್ತು. ಮಂದಿ ದಿನಾ ಕೇಳ್ತಾರ, ಬದಾಮಿ ಯಾವಾಗ ಅಂತ. ಇನ್ನೂ ಹತ್ತು ವರ್ಷ, ಭಾಳ ನೀರು ಕುಡೀತದ ಅಂದೀನಿ.”

ನನ್ನ ಸುಳ್ಳುಗಳಿಗೆ ಇಷ್ಟು ನಿಷ್ಠೆಯಿಂದ ನೀರೆರೆದವರು ಅವರೊಬ್ಬರೇ.