ಟೊಪ್ಪಿಗೆಯ ಮೇಲಿನ ಮೂರೆಲೆ

ಮಾನ್ವಿಯಲ್ಲಿ ನನ್ನ ಹೆಂಡತಿಯ ದೊಡ್ಡವ್ವನ ಮನೆ. ಆ ಬೆಳಿಗ್ಗೆ ದೇವರ ಜಗಲಿಯ ಮುಂದೆ ನಾವು ನಾಲ್ವರು ಕೂತಿದ್ದೆವು: ಎಂಬತ್ತು ದಾಟಿದ ಆ ದೊಡ್ಡವ್ವ, ಅವರನ್ನು ನಾನು ಅತ್ತಿ ಎನ್ನುತ್ತೇನೆ, ಅಕ್ಕಿ ಗಿರಣಿ ನಡೆಸುವ ಅವರ ಮಗ, ನನ್ನ ಹೆಂಡತಿ, ನಾನು. ಗೋಡೆಯ ಮೇಲಿನ ಫೋಟೋದವರನ್ನೂ ಸೇರಿಸಿದರೆ ಐವರು. ಅವರು ಅತ್ತಿಯ ತಂದೆ ಎಂದು ಮನೆಮಂದಿಯೆಲ್ಲ ನಂಬಿದ್ದರು. ಆ ತಂದೆ ತಮ್ಮ ಊರು ಚೀಕಲಪರ್ವಿಯಿಂದ ಎದ್ದು ಎರಡನೇ ಮಹಾಯುದ್ಧಕ್ಕೆಂದು ಇಟಲಿಗೆ ಹೋದಾಗ ಅತ್ತಿ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದರು. ತಂದೆ ತಿರುಗಿ ಬರಲಿಲ್ಲ. ಹೆರಿಗೆಯಾದ ಕೆಲವೇ ದಿನಗಳಲ್ಲಿ ತಾಯಿಯೂ ತೀರಿಹೋದರು. ಹೀಗಾಗಿ ಅತ್ತಿಗೆ ತಂದೆಯೆಂದರೆ ಈ ಒಂದು ಫೋಟೋ ಮಾತ್ರ.

ಅದರಲ್ಲೂ ತಂದೆ ಸರಿಯಾಗಿ ಕಾಣುತ್ತಿರಲಿಲ್ಲ. ಪ್ರತಿ ಅಮಾವಾಸ್ಯೆಗೆ ಗಾಜಿನ ಮೇಲೆ, ಹಣೆ ಇರಬಹುದಾದ ಜಾಗ ನೋಡಿ, ಮೂರು ಬೆರಳಿನ ವಿಭೂತಿ ಎಳೆಯುವುದು ಆ ಮನೆಯ ಪದ್ಧತಿ. ಹಳೆಯದನ್ನು ಒರೆಸುವುದು ಪದ್ಧತಿಯಲ್ಲಿ ಇರಲಿಲ್ಲ. ಎಷ್ಟೋ ದಶಕಗಳ ವಿಭೂತಿ ಗಾರೆಯ ಹಾಗೆ ಕೂತು, ಟೊಪ್ಪಿಗೆಯೂ ಗದ್ದವೂ ಮಾತ್ರ ಹೊರಗೆ ಉಳಿದಿದ್ದವು.

ಹಿಂದಿನ ತಿಂಗಳು ರಾಯಚೂರಿನಲ್ಲಿ ಅತ್ತಿಯ ಕಣ್ಣಿನ ಪೊರೆ ತೆಗೆಸಿದರು. ಹೊಸ ಕಣ್ಣು ಬಂದ ಮೇಲೆ ಮನೆಯವರಿಗೆ ನೆಮ್ಮದಿ ಇಲ್ಲದಂತಾಯಿತು. ಮೂಲೆಯ ಜೇಡರ ಬಲೆ ಕಂಡಿತು, ಸೊಸೆ ತೊಳೆದ ತಂಬಿಗೆಯಲ್ಲಿ ತಿಕ್ಕಿದ ಹುಣಸೆಹಣ್ಣಿನ ಚೂರು ಕಂಡಿತು. ಕೊನೆಗೆ ಒಂದು ದಿನ ಒದ್ದೆ ಬಟ್ಟೆ ತಗೊಂಡು ತಂದೆಯ ಗಾಜನ್ನೇ ತಿಕ್ಕಿ ತೊಳೆದರು. ತೊಳೆದು ನೋಡಿದವರು ನನಗೆ ಹೇಳಿಕಳಿಸಿದರು.

ನಾನು ದೇವದುರ್ಗದ ಶಾಲೆಯಲ್ಲಿ ಚಿತ್ರಕಲೆಯ ಮೇಷ್ಟ್ರಾಗಿದ್ದವನು. ರಾಯಚೂರಿನ ರದ್ದಿ ಅಂಗಡಿಯಲ್ಲಿ ಒಮ್ಮೆ ಸಿಕ್ಕ, ಸೈನಿಕರ ಉಡುಪಿನ ಹಳೆಯ ಪುಸ್ತಕದಿಂದ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಹಳೆಯ ಫೋಟೋ ಕಂಡರೆ ನಾನು ಮುಖ ನೋಡುವುದಿಲ್ಲ. ಕಾಲರು, ಭುಜ, ಟೊಪ್ಪಿಗೆ ನೋಡುತ್ತೇನೆ. ನನ್ನ ಹೆಂಡತಿ ಇದನ್ನು ಬಂಧುಬಳಗಕ್ಕೆ ಪರಿಚಯಿಸುವುದೇ ಬೇರೆ ಥರ: "ಸತ್ತವರ ಅಂಗಿ ಗುಂಡಿ ಎಣಸ್ತಾರ. ತಮ್ಮ ಅಂಗಿ ಗುಂಡಿ ಹರದದ್ದು ಕಾಣಸೂದಿಲ್ಲ."

ಅತ್ತಿ ಫೋಟೋವನ್ನು ನನ್ನ ತೊಡೆಯ ಮೇಲೆ ಇಟ್ಟರು. "ಅಳಿಯಂದ್ರ, ನಾ ಹುಟ್ಟಿದಾಗಿಂದ ಇವಗ ಕೈ ಮುಗದೀನಿ. ಈಗ ಕಣ್ಣು ಬಂದಾವು. ಈ ಮುಖ ನಮ್ಮ ಪೈಕಿ ಯಾರಿಗೂ ಹೋಲೂದಿಲ್ಲ. ಇವ ನಮ್ಮಪ್ಪ ಹೌದೋ ಅಲ್ಲೋ, ಅಷ್ಟು ಹೇಳ್ರಿ."

"ಹೌದಲ್ಲದ ಮತ್ತೇನು?" ಎಂದ ಮಗ. "ಟೊಪ್ಪಿಗಿ ನೋಡ್ರಿ ಮಾಮಾ. ಯುದ್ಧಕ್ಕ ಹೋದರೂ ಬಿಲ್ವಪತ್ರಿ ಬಿಟ್ಟಿಲ್ಲ. ಮೂರೆಲಿ, ಕೆಳಗ ಸಣ್ಣ ಲಿಂಗ. ಬ್ಯಾರೆ ಯಾರು ಹಾಕ್ಕೋತಾರ?"

ಇದೇ ಆ ಮನೆಯ ಸಾಕ್ಷಿ. ಯುದ್ಧದಲ್ಲಿ ತಂದೆಯ ಜೊತೆಗಿದ್ದವರೊಬ್ಬರು ಅವರ ಟ್ರಂಕನ್ನು ಅವರ ತಾಯಿಗೆ ತಂದುಕೊಟ್ಟು, ಈ ಫೋಟೋದೊಳಗೆ ನಿಮ್ಮ ಮಗ ಇದ್ದಾನೆ ಎಂದು ಹೇಳಿ ಹೋಗಿದ್ದರಂತೆ. ಅತ್ತಿಯನ್ನು ಸಾಕಿದ ಆ ಅಜ್ಜಿಗೆ ಆಗಲೇ ದೃಷ್ಟಿ ಹೋಗಿತ್ತು. ಅವರು ಕೇಳಿದರು, ನೆರೆಯವರು ನೋಡಿ ಹೇಳಿದರು: ನಡುವಿನವನ ಟೊಪ್ಪಿಗೆಯಲ್ಲಿ ಬಿಲ್ವಪತ್ರಿ ಇದೆ. ಹಾಗಾದರೆ ಅವನೇ ನನ್ನ ಮಗ, ಎಂದರು ಅಜ್ಜಿ. ಅಂದಿನಿಂದ ಯಾರೂ ಮರುಮಾತು ಆಡಿರಲಿಲ್ಲ.

ನಾನು ಭೂತಗನ್ನಡಿ ಹಿಡಿದೆ. ಟೊಪ್ಪಿಗೆಯ ಎಡಬದಿಗೆ ಲೋಹದ ಮೂರೆಲೆ. ಬಲತೋಳಿನ ಮೇಲೆ ಮೊಟ್ಟೆಯಾಕಾರದ ಪಟ್ಟಿ, ಅದರೊಳಗೂ ಅದೇ ಮೂರೆಲೆ. ಎದೆಯ ಮೇಲೆ ರೆಕ್ಕೆ ಚಾಚಿದ ಹದ್ದು. ಗನ್ನಡಿ ಒರೆಸಿ ಇನ್ನೊಮ್ಮೆ ನೋಡಿದೆ. ಹೆಂಡತಿ ನನ್ನ ಮುಖ ನೋಡಿಯೇ, "ಸುಳ್ಳು ಹೇಳಬ್ಯಾಡ್ರಿ, ನಿಮಗ ಬರೂದಿಲ್ಲ" ಎಂದಳು.

"ಅತ್ತಿ, ಇದು ಬಿಲ್ವಪತ್ರಿ ಅಲ್ಲರೀ. ಅಂಚು ನೋಡ್ರಿ, ಕಚ್ಚು ಕಚ್ಚು ಅದ."

ಅತ್ತಿ ನೋಡಿದರು. "ಹುಳ ತಿಂದಂಗ ಅದ. ಇಂಥಾ ಪತ್ರಿ ಯಾವ ಶರಣ ದೇವರಿಗೆ ಏರಸ್ತಾನ?"

"ಓಕ್ ಅಂತ ಗಿಡ, ನಮ್ಮ ಕಡೆ ಇಲ್ಲ. ಕೆಳಗಿರೂದು ಲಿಂಗಲ್ಲ, ಅದರ ಕಾಯಿ. ಜರ್ಮನರಾಗ ಹಗುರು ಸಾಮಾನು ಹೊತ್ತು ಅಡವಿ ಗುಡ್ಡ ತಿರುಗೋ ಕಾಲಾಳು ಮಂದಿ ಇದ್ದರು. ಯೇಗರ್ ಅಂತಾರ. ಹಿಮದ ಗುಡ್ಡದವರಿಗೆ ಹೂವಿನ ಗುರುತು, ಇವರಿಗೆ ಈ ಎಲಿ. ಇವ ಜರ್ಮನಿಯವ ರೀ."

ಮಗ ಗೋಡೆಗೆ ಒರಗಿದ. "ಹಂಗಾರ ಇಷ್ಟು ವರ್ಷ ನಾವು ಹಿಡದ ಎಡಿ ಯಾರು ಉಂಡ್ರು?"

"ಮ್ಯಾಲೆ ತುಪ್ಪನೂ ಹಾಕ್ತಿದ್ದಿರಿ," ಎಂದಳು ನನ್ನ ಹೆಂಡತಿ.

ಅತ್ತಿ ನಗಲಿಲ್ಲ. ಸೆರಗಿನ ತುದಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು. "ಮತ್ತ ನಮ್ಮಪ್ಪ ಎಲ್ಲಿ?"

ನಾನು ಚೌಕಟ್ಟನ್ನು ತಿರುವಿ ಹಾಕಿದೆ. ಬೆನ್ನಿನ ಹಲಗೆ ಒಂದು ಕಡೆ ದಪ್ಪಗೆ ಉಬ್ಬಿತ್ತು. ಮಗ ಇಕ್ಕಳ ತಂದು ಮೊಳೆ ಕಿತ್ತ. ಆ ಕಾಲದಲ್ಲಿ ಕಟ್ಟು ಹಾಕಿದ ಬಡಿಗ ಸಣ್ಣ ಚೌಕಟ್ಟಿಗೆ ಹೊಂದಿಸಲು ಫೋಟೋದ ಎರಡೂ ಅಂಚುಗಳನ್ನು ಹಿಂದಕ್ಕೆ ಮಡಚಿಟ್ಟಿದ್ದ. ನಡುವೆ ಬಿಲ್ವಪತ್ರಿಯವನು ಉಳಿದರೆ ಸಾಕು ಎಂದು ಯಾರಾದರೂ ಹೇಳಿರಬೇಕು.

ಮೆಲ್ಲಗೆ ಮಡಿಕೆ ಬಿಡಿಸಿದೆ. ಬಲಗಡೆ ಇನ್ನೂ ಮೂವರು ಮೂರೆಲೆಯವರು, ಕೈಯಲ್ಲಿ ತಗಡಿನ ಲೋಟ, ಸೆರೆ ಸಿಕ್ಕವರು. ಎಡಗಡೆ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ ಒಬ್ಬ ಸಣಕಲು ಮನುಷ್ಯ, ಬಾಗಿ, ದೊಡ್ಡ ಕಿಟಲಿಯಿಂದ ಚಹಾ ಹಾಕುತ್ತಿದ್ದ. ಅವನು ಕ್ಯಾಮೆರಾ ನೋಡಿರಲಿಲ್ಲ. ಲೋಟ ತುಂಬಿ ಚೆಲ್ಲೀತೆಂದು ಲೋಟವನ್ನೇ ನೋಡುತ್ತಿದ್ದ. ಮುಖ ಪಕ್ಕಕ್ಕೆ ತಿರುಗಿದ್ದರಿಂದ ಮೂಗು ಚೆನ್ನಾಗಿ ಕಾಣುತ್ತಿತ್ತು, ನಡುವೆ ಗೂನಿದ್ದ ಉದ್ದ ಮೂಗು.

ಮೂಗಿನಿಂದ ಮನುಷ್ಯನನ್ನು ಗುರುತಿಸುವ ವಿದ್ಯೆ ನನ್ನದಲ್ಲ. ಆದರೆ ಹೆಂಡತಿ ಫೋಟೋ ನೋಡಿ ಅತ್ತಿಯನ್ನು ನೋಡಿದಳು, ಮಗ ಅತ್ತಿಯನ್ನು ನೋಡಿ ತನ್ನ ಮೂಗು ಮುಟ್ಟಿಕೊಂಡ. ಅತ್ತಿ ಭೂತಗನ್ನಡಿಯನ್ನು ನನ್ನ ಕೈಯಿಂದ ತಗೊಂಡರು. ಎಷ್ಟೋ ಹೊತ್ತು ಕೊಡಲಿಲ್ಲ.

"ಅಡಿಗಿ ಮಾಡಾಕ ಹೋಗ್ಯಾನಂತ ನನ್ನ ಸಾಕಿದ ಮುದುಕಿ ಹೇಳ್ತಿದ್ದಳು," ಎಂದರು ಕೊನೆಗೆ. "ನಾವ ಅವನ ಕೈಯಾಗ ಬಂದೂಕ ಕೊಟ್ಟಿವಿ."

ಮಗ ಕತ್ತರಿ ಹುಡುಕಲು ಎದ್ದ. "ಅಜ್ಜನ್ನ ಒಬ್ಬನ್ನ ಕೊಯ್ದು ತಗದು ದೊಡ್ಡದು ಮಾಡಸೂಣು. ಇವರನ್ನ ಒಗದುಬಿಡ್ರಿ."

"ಲೇ, ಕುಂಡ್ರು. ನಮ್ಮಪ್ಪ ಚಾ ಹಾಕಿ ಕೊಡಾಕತ್ತಾನ. ಕುಡಿಯೋ ಮಂದಿನ ನಡುವ ಎಬ್ಬಸ್ತೀಯೇನು? ಇದ್ದಂಗ ಇರಲಿ. ಕಟ್ಟು ದೊಡ್ಡದು ಹಾಕಸು."

ರಾಯಚೂರಿನಲ್ಲಿ ಅಗಲವಾದ ಕಟ್ಟು ಹಾಕಿಸಿ ನಾನೇ ಒಯ್ದು ಕೊಟ್ಟೆ. ಮುಂದಿನ ಅಮಾವಾಸ್ಯೆಗೆ ಅತ್ತಿ ಬೆಳಿಗ್ಗೆ ಮಿಂದು, ಫೋಟೋವನ್ನು ಗೋಡೆಯಿಂದ ಇಳಿಸಿ ಎದುರಿಗೆ ಇಟ್ಟುಕೊಂಡು, ತಾವು ಹುಟ್ಟಿದ ದಿನದಿಂದ ಹಿಡಿದು ಎಲ್ಲ ಸುದ್ದಿಯನ್ನೂ ತಂದೆಗೆ ಹೇಳಲು ಕೂತರು. ಮಗ ಗಿರಣಿಯಿಂದ ಊಟಕ್ಕೆಂದು ಎರಡು ಸಲ ಬಂದು, ಬಾಗಿಲಲ್ಲಿ ನಿಂತು, ಹಾಗೇ ತಿರುಗಿ ಹೋದ. ಮಧ್ಯಾಹ್ನ ಮೂರು ಗಂಟೆಯಾದರೂ ಅವರು ತಮ್ಮ ಮದುವೆಯವರೆಗೆ ಮಾತ್ರ ಬಂದಿದ್ದರು.