ನೀರಿನಿಂದ ಬೆಂಕಿ ಮಾಡುತ್ತೇನೆಂದಿದ್ದೆ

ನಾನು ಕೆಲಸ ಮಾಡುವುದು ಶಕ್ತಿಯ ಮೂಲ ಸಂಶೋಧನೆಗೆಂದೇ ಸರ್ಕಾರ ಕಟ್ಟಿದ ಒಂದು ರಾಷ್ಟ್ರೀಯ ಸಂಸ್ಥೆಯಲ್ಲಿ. ಸೇರಿದ ದಿನ ನಮ್ಮ ನಿರ್ದೇಶಕರು ಹೊಸಬರನ್ನೆಲ್ಲ ಕೂರಿಸಿಕೊಂಡು, ಒಲೆ, ದೀಪ, ಬ್ಯಾಟರಿ ಮಾಡುವವರು ಬೇರೆ ಇದ್ದಾರೆ, ಬಿಸಿಲು ಒಂದು ವಸ್ತುವಿನ ಮೇಲೆ ಬಿದ್ದಾಗ ಅದರೊಳಗೆ ಏನಾಗುತ್ತದೆಂದು ತಿಳಿಯುವುದಷ್ಟೇ ನಮ್ಮ ಕೆಲಸ, ಫಲ ಯಾರ ಕಾಲಕ್ಕೆ ಸಿಗುತ್ತದೋ ಕೇಳಬೇಡಿ ಎಂದಿದ್ದರು. ಆ ಮಾತು ನನಗೆ ಬಹಳ ಹಿಡಿಸಿತ್ತು. ಊರಿಗೆ ಹೋದಾಗ ಮಾತ್ರ ಅದನ್ನು ಹಾಗೇ ಹೇಳಲಿಲ್ಲ.

ನನ್ನೂರು ಸಿರುಗುಪ್ಪ ತಾಲೂಕಿನ ಹಚ್ಚೊಳ್ಳಿ. ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅದೇ ವರ್ಷ ಕುರುಗೋಡಿನಿಂದ ನಮ್ಮ ಮನೆಗೆ ಸೊಸೆಯಾಗಿ ಬಂದ ಅತ್ತಿಗೆ, ಅಣ್ಣನ ಹೆಂಡತಿ, ನನ್ನನ್ನು ಸಾಕಿದಳು. ಅವಳಿಗೆ ಮಕ್ಕಳಾಗಲಿಲ್ಲ. ಸಿರುಗುಪ್ಪದ ಕಾಲೇಜಿಗೆ ಹೋಗಲು ನಾನು ಮೊದಲನೇ ಬಸ್ಸು ಹಿಡಿಯಬೇಕಿತ್ತು. ಅಷ್ಟರೊಳಗೆ ಅವಳು ಹೊಟ್ಟಿನ ಒಲೆ ಹೊತ್ತಿಸಿ ರೊಟ್ಟಿ ಬಡಿದು ಕಟ್ಟಿಕೊಡುತ್ತಿದ್ದಳು. ತಗಡಿನ ಡಬ್ಬಿಯ ನಡುವೆ ಕೋಲು ನಿಲ್ಲಿಸಿ, ಸುತ್ತಲೂ ಭತ್ತದ ಹೊಟ್ಟು ಒತ್ತಿ ತುಂಬಿ, ಕೋಲು ಎಳೆದು ಕೆಳಗಿನಿಂದ ಬೆಂಕಿ ಹಚ್ಚುವ ಒಲೆ ಅದು. ರೈಸ್ ಮಿಲ್ಲುಗಳ ಸೀಮೆ ನಮ್ಮದು, ಹೊಟ್ಟಿಗೆ ಬರವಿರಲಿಲ್ಲ. ಹೊಗೆಗೂ ಇರಲಿಲ್ಲ.

ಕೆಲಸ ಸಿಕ್ಕ ಮೇಲೆ ಮೊದಲ ರಜೆಗೆ ಬಂದಾಗ, ಅವಳು ಆ ಒಲೆಯ ಮುಂದೆ ಕೂತೇ ನನ್ನ ಕೆಲಸವೇನೆಂದು ಕೇಳಿದಳು.

"ಬಿಸಿಲಿಂದ ನೀರು ಒಡಿತೀವಿ ಅತ್ತಿಗಿ. ಅದರಾಗಿನ ಗ್ಯಾಸ್ ಉರಿಸಿದ್ರ ಹೊಗಿನ ಇರಂಗಿಲ್ಲ," ಎಂದೆ.

"ಅದರ ಮ್ಯಾಲೆ ಅಡಗಿ ಮಾಡಾಕ ಬರತೈತೇನು?"

"ಬರತೈತಿ."

ಸುಳ್ಳೇನೂ ಅಲ್ಲ. ಆದರೆ ನಮ್ಮ ಪ್ರಯೋಗಾಲಯದಲ್ಲಿ ಉಗುರಿನಷ್ಟು ಅಗಲದ ಒಂದು ತುಣುಕಿನ ಮೇಲೆ ನಾಲ್ಕಾರು ಗುಳ್ಳೆ ಏಳುತ್ತಿದ್ದವು, ಎರಡು ದಿನಕ್ಕೆ ಅದೂ ನಿಂತು ಹೋಗುತ್ತಿತ್ತು. ಅದನ್ನು ಹೇಳಲಿಲ್ಲ. ಅವಳ ಮುಖ ಅರಳಿದ್ದು ನನಗೆ ಬೇಕಾಗಿತ್ತು. ಸಂಜೆಯೊಳಗೆ ಓಣಿಗೆಲ್ಲ ಸುದ್ದಿಯಾಯಿತು, ಇವರ ಮನೆ ಹುಡುಗಿ ನೀರಿನಿಂದ ಬೆಂಕಿ ಮಾಡುತ್ತಾಳಂತೆ ಎಂದು. ಆಮೇಲೆ ವರ್ಷಗಟ್ಟಲೆ ಫೋನಿನಲ್ಲಿ ಅವಳು ಆಯಿತೇ ಎಂದು ಕೇಳುವುದು, ನಾನು ನಡೆದಿದೆ ಎನ್ನುವುದು. ಗ್ಯಾಸ್ ಒಲೆ ಕೊಡಿಸುತ್ತೇನೆಂದರೆ ಬೇಡ ಎನ್ನುತ್ತಿದ್ದಳು. ಯಾಕೆಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಹಿಡಿತದ ಹೆಣ್ಣುಮಗಳು, ರೊಟ್ಟಿಗೆ ಹೊಟ್ಟಿನ ಉರಿಯೇ ರುಚಿ ಎನ್ನುವವಳು ಎಂದುಕೊಂಡೆ.

ಹೋದ ವರ್ಷ ಅವಳ ಕೆಮ್ಮು ನಿಲ್ಲದಾದಾಗ ಅಣ್ಣ ಬಳ್ಳಾರಿಗೆ ಕರೆತಂದ. ನಾನೂ ಬಂದಿದ್ದೆ. ಎದೆಯ ಫೋಟೋ ನೋಡಿದ ಡಾಕ್ಟರು, ಬೀಡಿ ಸೇದುವ ಅಭ್ಯಾಸವಿತ್ತೇ ಎಂದು ಮೆಲ್ಲಗೆ ವಿಚಾರಿಸಿದರು. ಅತ್ತಿಗೆ ಸೆರಗು ಸರಿಮಾಡಿಕೊಂಡಳು.

"ಇಲ್ರಿ. ಒಲಿ ಊದೀನ್ರಿ," ಎಂದಳು.

ಶ್ವಾಸಕೋಶ ಮರಳಿ ಸರಿಹೋಗುವ ಹಂತ ದಾಟಿತ್ತು. ಆಸ್ಪತ್ರೆಗೆ ಹತ್ತಿರವಾಗಲೆಂದು ಕಂಟೋನ್ಮೆಂಟಿನಲ್ಲಿ ಒಂದು ಬಾಡಿಗೆ ಮನೆ ಹಿಡಿದೆವು. ಆಕ್ಸಿಜನ್ ಮಷೀನು ಹಗಲೂ ರಾತ್ರಿ ಗುರ್ ಎನ್ನುತ್ತಿತ್ತು, ಅದರ ನಳಿಗೆ ಉದ್ದವಿದ್ದಷ್ಟೇ ಅವಳ ಓಡಾಟ. ನಾನು ರಜೆ ಹಾಕಿ ಉಳಿದೆ. ತಲೆ ಬಾಚಿದೆ, ಅನ್ನ ಕಲೆಸಿ ತಿನ್ನಿಸಿದೆ. ಒಂದು ದಿನ ಅವಳು ತವರು ನೋಡಬೇಕು ಎಂದಳು. ಡಾಕ್ಟರನ್ನು ಕೇಳಿ, ಸಣ್ಣ ಸಿಲಿಂಡರು ಜೊತೆಗಿಟ್ಟುಕೊಂಡು ಬಾಡಿಗೆ ಕಾರಿನಲ್ಲಿ ಕುರುಗೋಡಿಗೆ ಕರೆದೊಯ್ದೆ. ತಮ್ಮನ ಮನೆಯ ಕಟ್ಟೆಯ ಮೇಲೆ ಗುಡ್ಡ ನೋಡುತ್ತ ಕೂತಳು. ಬಂದವರನ್ನೆಲ್ಲ ಹೆಸರು ಹಿಡಿದು ಕರೆದಳು. ಮೂಗಿನ ನಳಿಗೆ ನೋಡಿ ಅಳುತ್ತಿದ್ದವರಿಗೆ ನನ್ನನ್ನು ತೋರಿಸಿ, ಇವಳೇ ನೀರಿನಿಂದ ಬೆಂಕಿ ಮಾಡುವವಳು ಎಂದಳು. ನಾನು ತಲೆ ತಗ್ಗಿಸಿದೆ.

ತಿರುಗಿ ಬರುವಾಗ ಕಾರಿನಲ್ಲಿ ಕೇಳಿದಳು.

"ನಿಂದು ಯಾವಾಗ ಬರತೈತಿ? ಖರೆ ಹೇಳು."

ಇನ್ನು ಸುತ್ತಿಬಳಸುವ ಮನಸ್ಸಾಗಲಿಲ್ಲ. "ನನ್ನ ಕಾಲಕ್ಕ ಬರಂಗಿಲ್ಲ ಅತ್ತಿಗಿ. ನಾವು ಒಲಿ ಮಾಡೋರಲ್ಲ. ಅದಕ್ಕ ಬೇಕಾದ ತಿಳುವಳಿಕಿ ಅಷ್ಟ ಹುಡುಕ್ತೀವಿ. ಅದು ಮುಂದ ಯಾರಿಗೋ."

ಅವಳು ಬಹಳ ಹೊತ್ತು ಉಸಿರು ಕೂಡಿಸಿಕೊಂಡಳು.

"ಮೊದಲ ಹೇಳಿದ್ರ ನಾ ಕಾಯ್ತಿರಲಿಲ್ಲ ನೋಡು. ಇನ್ನೊಂದೆರಡು ವರ್ಷದಾಗ ನಿಂದು ಬಂದ್ರ, ನೀ ಕೊಡಸೋ ಗ್ಯಾಸ್ ಒಲಿ ಯಾಕ ಬೇಕು ಅಂತಿದ್ದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ತುಸು ನಾಚಿಕೆಯಿತ್ತು, ತಿಳಿಯದೆ ಓಣಿಯ ಮುಂದೆ ದೊಡ್ಡದಾಗಿ ಹೇಳಿಕೊಂಡೆನಲ್ಲ ಎನ್ನುವಂಥದ್ದು. ಅವಳ ಕೈ ಹಿಡಿದೆ. ಬಿಡಿಸಿಕೊಳ್ಳಲಿಲ್ಲ, ಆದರೆ ಬಳ್ಳಾರಿ ಮುಟ್ಟುವವರೆಗೂ ಮುಖ ಕಿಟಕಿಯ ಕಡೆಗೇ ಇತ್ತು.

ಮೂರು ವಾರದ ಮೇಲೆ ಒಂದು ಮಧ್ಯಾಹ್ನ, ಊಟಕ್ಕೆ ಎಬ್ಬಿಸಲು ಹೋದಾಗ ಅವಳ ಉಸಿರು ನಿಂತಿತ್ತು. ಹಚ್ಚೊಳ್ಳಿಗೆ ಒಯ್ದು ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು.

ಕಾರ್ಯವೆಲ್ಲ ಮುಗಿದು ನಾನು ಹೊರಟಾಗ ಅಣ್ಣ ಸಿರುಗುಪ್ಪದ ಬಸ್‌ಸ್ಟ್ಯಾಂಡಿನವರೆಗೆ ಬಂದ. ಬಸ್ಸಿಗೆ ಕಾಯುತ್ತ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಕಾದದ್ದು, ನಾನು ಬಾಯಿ ಬಿಡದೆ ಉಳಿದದ್ದು. ಅವನು ಟವೆಲಿನಿಂದ ಮುಖ ಒರೆಸಿಕೊಂಡ.

"ಅದು ಜಲ್ದಿ ಆಗೋದಲ್ಲ ಅಂತ ನನಗ ಗೊತ್ತಿತ್ತು ತಂಗಿ. ಪೇಪರ್ ಓದ್ತೀನಲ್ಲ. ಆಕಿ ಅಷ್ಟು ಖುಷಿಯಿಂದ ಹೇಳಾಕಿ, ನಾನರ ಯಾಕ ಇಲ್ಲ ಅನ್ಲಿ ಅಂತ ಸುಮ್ಮನಿದ್ದೆ," ಎಂದ.

ಬಸ್ಸು ಬಂತು. ಅವನು ನನ್ನ ಚೀಲ ಮೇಲಿಟ್ಟು ಕೆಳಗಿಳಿದು, ಕಿಟಕಿಯ ಕೆಳಗೆ ನಿಂತ.